ಬಾಯಿ ಬಿಡದ ಐವತ್ತೆಂಟನೇ ಲಕೋಟೆಯವರಿಗೆ

ಕೆ. ಹೊಸಕೋಟೆಯ ಬಸ್ ನಿಲ್ದಾಣದಲ್ಲಿ ಆಲೂರಿನ ಬಸ್ಸಿಗೆ ಕಾದು ನಿಂತಿರುವ ಮಹಾಜನಗಳೇ! ಹಾಲಿನ ಕ್ಯಾನು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿರುವ ಅಣ್ಣಂದಿರೇ, ಮೆಣಸಿನ ಮೂಟೆಯನ್ನೇ ಸಿಂಹಾಸನ ಮಾಡಿಕೊಂಡು ಕೂತಿರುವ ಯಜಮಾನರೇ, ಕಿಟಕಿಯಿಂದ ಸೀಟಿಗೆ ಎಸೆಯಲು ಟವೆಲ್ಲು ಹಿಡಿದು ಸನ್ನದ್ಧರಾಗಿರುವ ತಾಯಂದಿರೇ! ಎಲ್ಲರೂ ಎರಡು ಹೆಜ್ಜೆ ಮುಂದೆ ಬರಬೇಕು, ಮುಂದಿನವರು ಕೂರಬೇಕು, ಹಿಂದಿನವರು ಕೆಮ್ಮು ನಿಲ್ಲಿಸಬೇಕು. ಗೋಡೆಗೆ ಅಂಟಿಸಿರುವ ಈ ಕಾಗದ ನಿಮಗೆ ಬರೆದದ್ದಲ್ಲ. ಆದರೂ ನೀವೇ ಓದಬೇಕು. ಏಕೆಂದರೆ ಇದನ್ನು ಯಾರಿಗೆ ಬರೆದಿದ್ದೇನೋ ಅವರಿಗೆ ಕಣ್ಣಿಲ್ಲ, ಕಿವಿಯಿಲ್ಲ, ಇರುವುದೊಂದೇ ಬಾಯಿ, ಅದನ್ನೂ ಹದಿನಾರು ವರ್ಷದಿಂದ ಅಂಟು ಹಚ್ಚಿಕೊಂಡು ಮುಚ್ಚಿದ್ದಾರೆ.

ಸಕಲೇಶಪುರದ ಏಲಕ್ಕಿ ವ್ಯಾಪಾರಿ ನಜೀರ್ ಸಾಬರ ಅಂಗಡಿಯ ಅಟ್ಟದಲ್ಲಿ, ತಗಡಿನ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಹಾಳೆಯ ಅಂತಃಪುರದಲ್ಲಿ ವಿರಾಜಮಾನರಾಗಿರುವ ಮಾನ್ಯ ಐವತ್ತೆಂಟನೇ ಲಕೋಟೆಯವರೇ! ‘ಗಿರಿಸೀಮೆ ಅಂಚೆಚೀಟಿ ಮಿತ್ರ’ ಎಂಬ ತ್ರೈಮಾಸಿಕದ ಸಂಪಾದಕನೂ ಲೇಖಕನೂ ಹಮಾಲಿಯೂ ಆದ ಶಾಂತಮಲ್ಲಪ್ಪನು ತಮ್ಮ ನಾಲ್ಕು ಮೂಲೆಗಳಿಗೂ ಬೇರೆಬೇರೆಯಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಜೀರ್ ಸಾಬರ ಮಗಳು ಫಾಯಿಜಾ, ಕೆಟಲ್‌ನಲ್ಲಿ ನೀರು ಕಾಯಿಸಿ, ತಮ್ಮನ್ನು ಅದರ ಹಬೆಗೆ ಹಿಡಿದು, ನಯವಾಗಿ ತಮ್ಮ ಬಾಯಿ ಬಿಡಿಸಿ, ಹೊಟ್ಟೆಯೊಳಗಿರುವ ನಾಲ್ಕು ಪುಟಗಳನ್ನು ತಂದೆಗೆ ಗಟ್ಟಿಯಾಗಿ ಓದಿ ಹೇಳಲಿದ್ದಾಳೆ. ಆ ನಾಲ್ಕು ಪುಟಗಳನ್ನು ಬರೆದವನು ನಾನು. ಬರೆದದ್ದು ನಜೀರ್ ಸಾಬರ ವಿರುದ್ಧ. ಅದನ್ನು ಕೇಳಿದ ಗಳಿಗೆಗೆ, ಈ ಸೀಮೆಯಲ್ಲಿ ನನಗಿದ್ದ ಒಬ್ಬನೇ ಒಬ್ಬ ಸ್ನೇಹಿತ ನನಗೆ ಇಲ್ಲವಾಗುತ್ತಾನೆ. ಆದುದರಿಂದ ತಮ್ಮಲ್ಲಿ ನನ್ನದೊಂದು ದೂರು ಮತ್ತು ಒಂದು ಮನವಿ ಇದೆ. ದೂರು ಏನೆಂದರೆ, ತಾವು ಹದಿನಾರು ವರ್ಷ ಬಾಯಿ ತೆರೆಯಲಿಲ್ಲ. ಮನವಿ ಏನೆಂದರೆ, ದಯಮಾಡಿ ನಾಳೆಯೂ ತೆರೆಯಬೇಡಿ. ಇದೆಂಥ ಮಾತು ಎಂದು ತಾವು ಹುಬ್ಬೇರಿಸುವ ಮೊದಲು ಪೂರ್ವಕಥೆಯನ್ನು ಆಲಿಸಬೇಕು.

ತಮ್ಮ ವಂಶ ಹುಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ತೈದರ ಜನವರಿಯಲ್ಲಿ, ಅದೇ ಏಲಕ್ಕಿ ಅಂಗಡಿಯ ಮುಂದಿನ ಬೆಂಚಿನ ಮೇಲೆ. ನಾನು ನಾಟಕದ ಮೇಷ್ಟ್ರ ಮಗ. ಪರದೆಯ ಹಿಂದೆ ತೊಟ್ಟಿಲಲ್ಲಿ ಮಲಗಿ, ಹಾರ್ಮೋನಿಯಂ ಕೇಳುತ್ತ ಹಾಲು ಕುಡಿದವನು. ಎರಡೆಕರೆ ಕಾಫಿಯ ನಡುವೆ ಅಂಚೆಚೀಟಿಯ ಹುಚ್ಚು ಹೇಗೆ ಹತ್ತಿತೋ ಕಾಣೆ. ನಜೀರ್ ಸಾಬರಿಗೆ ಅದು ವ್ಯಾಪಾರದ ಕಾಗದಗಳಿಂದ ಹತ್ತಿದ್ದು. ಇಬ್ಬರು ಹುಚ್ಚರು ಒಂದು ಬೆಂಚಿನ ಮೇಲೆ ಕೂತರೆ ಪತ್ರಿಕೆಯಲ್ಲದೆ ಇನ್ನೇನು ಹುಟ್ಟೀತು? ಅಂದೇ ಖಾತೆ ಹಂಚಿಕೆಯಾಯಿತು. ಒಳಗಿನದು ನನ್ನ ಇಲಾಖೆ, ಹೊರಗಿನದು ನಜೀರ್ ಸಾಬರ ಇಲಾಖೆ. ಒಬ್ಬರ ಇಲಾಖೆಗೆ ಇನ್ನೊಬ್ಬರು ತಲೆ ಹಾಕುವಂತಿರಲಿಲ್ಲ. ನಾನು ಏನು ಬರೆದೆ ಎಂದು ಅವರು ಕೇಳುತ್ತಿರಲಿಲ್ಲ. ಅವರು ಯಾವ ಚೀಟಿ ಅಂಟಿಸಿದರು ಎಂದು ನಾನು ಕೇಳುತ್ತಿರಲಿಲ್ಲ. ಇಷ್ಟು ಶಿಸ್ತಿನ ಮಂತ್ರಿಮಂಡಲ ಬೇರೆಲ್ಲೂ ಇರಲಿಲ್ಲವೆಂದು ನಾವು ನಂಬಿದ್ದೆವು.

ಮೊದಲ ಮೂರು ಸಂಚಿಕೆಗಳನ್ನು ಬುಕ್ ಪೋಸ್ಟಿನ ಪದ್ಧತಿಯಂತೆ ಬಾಯಿ ತೆರೆದೇ ಕಳಿಸಿದೆವು. ಮೂರನೆಯದು ಜುಲೈ ತಿಂಗಳಿಗೆ ಬಿತ್ತು. ಹೆತ್ತೂರಿನ ಹದಿನೇಳು ಚಂದಾದಾರರಿಗೆ ತಲುಪಿದ್ದು ಪತ್ರಿಕೆಯಲ್ಲ, ಗಂಜಿ. ಒಬ್ಬರು ಅದನ್ನು ಒಣಗಿಸಲು ಏಲಕ್ಕಿ ಗೂಡಿನಲ್ಲಿಟ್ಟು ಹಪ್ಪಳ ಮಾಡಿಕೊಂಡರು. ಆಗ ನಜೀರ್ ಸಾಬರು ತಮ್ಮ ಇಲಾಖೆಯ ಸಂಪೂರ್ಣ ಅಧಿಕಾರ ಬಳಸಿ, ಮೈದಾ ಹಿಟ್ಟು ಕುದಿಸಿ, ಕಾಫಿ ಗಿಡಕ್ಕೆ ಹೊಡೆಯಲು ತಂದಿದ್ದ ಮೈಲುತುತ್ತವನ್ನು ಚಿಟಿಕೆಯಷ್ಟು ಬೆರೆಸಿ, ಜಿರಲೆ ಮುಟ್ಟದ, ಮಳೆ ಬಿಡಿಸದ, ಮನುಷ್ಯಮಾತ್ರರಿಂದ ಕೀಳಲಾಗದ ಒಂದು ಅಂಟನ್ನು ಲೋಕಕ್ಕೆ ಅರ್ಪಿಸಿದರು. ನಾಲ್ಕನೇ ಸಂಚಿಕೆಯಿಂದ ತಮ್ಮ ಕುಲ ಬಾಯಿ ಮುಚ್ಚಿತು.

ಆ ಮೇಲಿನ ವೈಭವವನ್ನು ಏನೆಂದು ವರ್ಣಿಸಲಿ! ಮೂರು ತಿಂಗಳಿಗೊಮ್ಮೆ ಒಂದೊಂದು ಊರಿನ ಅಂಚೆ ಕಚೇರಿಯ ಠಸ್ಸೆ ಬೀಳಬೇಕೆಂಬುದು ನಜೀರ್ ಸಾಬರ ಸಂಕಲ್ಪ. ಒಮ್ಮೆ ಪಾಳ್ಯ, ಒಮ್ಮೆ ಹೆತ್ತೂರು, ಒಮ್ಮೆ ಇದೇ ಹೊಸಕೋಟೆ. ಇನ್ನೂರು ಲಕೋಟೆಗಳ ಚೀಲ ಹೊತ್ತು ನಾವಿಬ್ಬರೂ ಬಸ್ಸಿಳಿದರೆ, ಪೋಸ್ಟ್ ಮಾಸ್ತರರು ಮಸಿಯ ಪ್ಯಾಡು ಒದ್ದೆ ಮಾಡಿ, ಮೇಜಿನ ಮೇಲೆ ಹಳೆಯ ಕಂಬಳಿ ಮಡಿಸಿ ಹಾಸಿ, ಉಸಿರು ಬಿಗಿಹಿಡಿದು ಒಂದೊಂದೇ ಏಟು ಹಾಕುತ್ತಿದ್ದರು. ನಜೀರ್ ಸಾಬರು ಪಕ್ಕದಲ್ಲಿ ನಿಂತು, ಮದುಮಗಳಿಗೆ ಕುಂಕುಮವಿಡುವುದನ್ನು ನೋಡುವವರಂತೆ ಕಣ್ಣು ತುಂಬಿಕೊಳ್ಳುತ್ತಿದ್ದರು. ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ನನ್ನ ಇಲಾಖೆ ಲಕೋಟೆಯ ಒಳಗಿತ್ತಲ್ಲ.

ಓದುಗರ ಪ್ರೀತಿಯೋ ಅಪಾರ. ಪ್ರತಿ ಸಂಚಿಕೆಗೂ ಮೂವತ್ತು ನಲವತ್ತು ಮೆಚ್ಚುಗೆಯ ಕಾರ್ಡು. ‘ಈ ಸಲದ್ದು ಹಿಂದಿನ ಎಲ್ಲಕ್ಕಿಂತ ಸ್ವಚ್ಛವಾಗಿದೆ’ ಎಂದು ಒಬ್ಬರು ಬರೆದರೆ ನನ್ನ ಗದ್ಯವನ್ನು ಕುರಿತೇ ಎಂದುಕೊಂಡು ಆ ವಾರ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಎಪ್ಪತ್ತೊಂದನೇ ಸಂಚಿಕೆಯ ಮೂರನೇ ಪುಟ ಮುದ್ರಣದಲ್ಲಿ ಖಾಲಿ ಬಂತು. ಒಬ್ಬರೂ ದೂರಲಿಲ್ಲ, ಎಂಥ ಸಹನಶೀಲರು ಎಂದು ಕೈಮುಗಿದೆ. ಮೂರು ವರ್ಷ ಒಳಪುಟಗಳು ತಲೆಕೆಳಗಾಗಿ ಹೊಲಿಗೆಯಾಗಿದ್ದವು. ಮೆಚ್ಚುಗೆಯ ಕಾರ್ಡುಗಳು ಎಂದಿನಂತೆ ಬಂದವು. ಪದಬಂಧಕ್ಕೆ ಬಹುಮಾನವೆಂದು ಇಟ್ಟ ಗೋಡೆ ಗಡಿಯಾರ ಇಪ್ಪತ್ತೆರಡು ವರ್ಷದಿಂದ ವಿಜೇತರಿಲ್ಲದೆ ನಮ್ಮ ಮನೆಯಲ್ಲೇ ನೇತಾಡುತ್ತಿದೆ; ನನ್ನ ಪದಬಂಧ ಅಷ್ಟು ಕಠಿಣವೆಂದು ನಾನೇ ಸರಳಗೊಳಿಸುತ್ತ ಬಂದೆ. ಕೊನೆಗೆ ‘ಈ ಪತ್ರಿಕೆಯ ಹೆಸರೇನು?’ ಎಂಬಲ್ಲಿಗೆ ಇಳಿದಿದ್ದೆ. ಅದಕ್ಕೂ ಉತ್ತರ ಬರಲಿಲ್ಲ.

ಸತ್ಯ ಬಯಲಾದದ್ದು ಈ ವರ್ಷ. ಮೂವತ್ತು ತುಂಬಿತು, ನೂರಿಪ್ಪತ್ತು ಸಂಚಿಕೆ ಮುಗಿಯಿತು, ಪತ್ರಿಕೆಯ ಇತಿಹಾಸ ಬರೆಯೋಣವೆಂದು ಕೂತರೆ ನನ್ನ ಕಡತದ ಪ್ರತಿಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. (ಗೆದ್ದಲಿನವರಿಗೆ ನನ್ನ ಪ್ರತ್ಯೇಕ ವಂದನೆಗಳು. ಅವರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೋಗಿದ್ದಾರೆ.) ಹಳೆಯ ಪ್ರತಿ ಕೇಳಲು ಪಾಳ್ಯದ ಯೋಗೇಶನ ಮನೆಗೆ ಹೋದೆ. ಭತ್ತದ ಕಣಜದ ಪಕ್ಕದ ಕಪಾಟಿನಿಂದ ಅವನು ಒಂದೊಂದನ್ನೇ ದೇವರ ಪಟದಂತೆ ತಂದು ಜೋಡಿಸಿದ. ಎಲ್ಲವೂ ಪ್ಲಾಸ್ಟಿಕ್ಕಿನಲ್ಲಿ. ಎಲ್ಲವೂ ಮುಚ್ಚಿದವು. ಪತ್ರಿಕೆಯೆಲ್ಲಪ್ಪಾ ಎಂದು ಕೇಳಿದೆ.

“ಒಳಗೇ ಐತಲ್ಲ ಸಾರ್,” ಎಂದ ಯೋಗೇಶ. “ಒಡುದ್ರೆ ಕವರ್ರೇ ಕೆಟ್ಟೋಯ್ತದೆ. ಯಾರಾದ್ರೂ ಒಡೀತಾರಾ?”

ಮಾನ್ಯರೇ, ರಂಗದ ಮೇಲೆ ನಾನು ಎಷ್ಟೋ ಸಲ ಸತ್ತಿದ್ದೇನೆ, ಎದೆಗೆ ಕೈಯಿಟ್ಟು ಮೂರು ಸುತ್ತು ಸುತ್ತಿ ಬಿದ್ದಿದ್ದೇನೆ. ಪಾಳ್ಯದಲ್ಲಿ ಆವತ್ತು ಒಂದು ಸುತ್ತೂ ಸುತ್ತಲಾಗಲಿಲ್ಲ, ನಿಂತಲ್ಲೇ ಕೂತೆ. ಅವನು ನೀರು ಕೊಟ್ಟ. ಆಮೇಲೆ ನಜೀರ್ ಸಾಬರೊಬ್ಬರನ್ನು ಬಿಟ್ಟು ಉಳಿದ ಚಂದಾದಾರರಿಗೆಲ್ಲ ಫೋನು ಮಾಡಿದೆ. ಒಬ್ಬರು ಬೀರುವಿನ ಲಾಕರಿನಲ್ಲಿ ಒಡವೆಯ ಜೊತೆ ಇಟ್ಟಿದ್ದರು. ಒಬ್ಬರು, ಸೊಸೆ ತಿಳಿಯದೆ ಒಂದನ್ನು ಹರಿದುಬಿಟ್ಟಳೆಂದು, ಬದಲಿ ಕಳಿಸಲು ಸಾಧ್ಯವೇ ಎಂದು ಗದ್ಗದಿತರಾದರು. ಆ ಸೊಸೆ ಓದಿದಳೇ ಎಂದು ನಾನು ಆಸೆಯಿಂದ ಕೇಳಿದೆ. ಇಲ್ಲವಂತೆ. ಮೂವತ್ತು ವರ್ಷ, ನೂರಿಪ್ಪತ್ತು ಸಂಚಿಕೆ, ಓದಿದವರು ಸೊನ್ನೆ. ಒಂದೇ ಒಂದು ಅಕ್ಷರದಿಂದಲೂ ಯಾರ ಮನಸ್ಸಿಗೂ ನೋವು ಮಾಡದೆ ಮೂವತ್ತು ವರ್ಷ ನಡೆದ ಪತ್ರಿಕೆ ಇನ್ನೊಂದಿದ್ದರೆ ತೋರಿಸಿ!

ಈಗ ತಮ್ಮ ಹೊಟ್ಟೆಯೊಳಗಿನ ವಿಷಯಕ್ಕೆ ಬರುತ್ತೇನೆ. ಎರಡು ಸಾವಿರದ ಒಂಬತ್ತರಲ್ಲಿ ಹಾಸನದಲ್ಲಿ ಅಂಚೆಚೀಟಿಗಳ ಒಂದು ಪ್ರದರ್ಶನ ನಡೆಯಿತು. ನಜೀರ್ ಸಾಬರು ಒಂದೇ ಒಂದು ಹಳೆಯ ಲಕೋಟೆ ಇಟ್ಟಿದ್ದರು: ಎಂದೋ ಮುಚ್ಚಿಹೋದ ಹುಲಿಹೊಂಡ ಎಸ್ಟೇಟಿನ ಅಂಚೆ ಕಚೇರಿಯ ಠಸ್ಸೆ ಬಿದ್ದದ್ದು. ಅದರ ಮುಂದೆ ಜನ ಸಾಲುಗಟ್ಟಿದರು, ಅದಕ್ಕೆ ಮೊದಲ ಬಹುಮಾನ ಬಂತು. ನಾನು ಹನ್ನೆರಡು ಹಾಳೆ ಹಕ್ಕಿಯ ಚೀಟಿಗಳನ್ನು ಇಟ್ಟಿದ್ದೆ. ಅದರ ಮುಂದೆ ಒಬ್ಬರು ಬಹಳ ಹೊತ್ತು ನಿಂತಿದ್ದರು; ಆಮೇಲೆ ನೋಡಿದರೆ ಮೇಲೆ ಫ್ಯಾನಿತ್ತು. ಅಂದು ನನ್ನ ಹೊಟ್ಟೆಯೊಳಗೆ ಹತ್ತಿದ ಕಿಚ್ಚಿಗೆ ಬೇರೆ ಹೆಸರು ಕೊಡುವುದಿಲ್ಲ. ಊರಿಗೆ ಬಂದು ‘ಆಲೂಗಡ್ಡೆಯ ಠಸ್ಸೆ’ ಎಂಬ ನಾಲ್ಕು ಪುಟದ ಸಂಪಾದಕೀಯ ಬರೆದೆ. ಹುಲಿಹೊಂಡದಲ್ಲಿ ಅಂಚೆ ಕಚೇರಿಯೇ ಇರಲಿಲ್ಲ, ಏಲಕ್ಕಿ ವ್ಯಾಪಾರಿಯೊಬ್ಬರು ಹಾಸನದ ಸಂತೆಯ ಆಲೂಗಡ್ಡೆಯನ್ನು ಅರ್ಧ ಕೊಯ್ದು, ಅದರಲ್ಲಿ ಅಕ್ಷರ ಕೆತ್ತಿ, ಮಸಿ ಹಚ್ಚಿ ಒತ್ತಿ, ಉಳಿದರ್ಧವನ್ನು ಪಲ್ಯ ಮಾಡಿಕೊಂಡಿದ್ದಾರೆ ಎಂದೆ. ಹೆಸರೂ ಬರೆದೆ. ನಜೀರ್ ಸಾಬರು ಲಾರಿ ರಿಪೇರಿಗೆಂದು ಮಂಗಳೂರಿಗೆ ಹೋಗಿದ್ದ ವಾರ ನೋಡಿ, ಅವರ ಇಲಾಖೆಯನ್ನೂ ನಾನೇ ವಹಿಸಿಕೊಂಡು, ಮೈಲುತುತ್ತ ಎರಡು ಚಿಟಿಕೆ ಹೆಚ್ಚು ಹಾಕಿ, ತಮ್ಮನ್ನೂ ತಮ್ಮ ನೂರ ತೊಂಬತ್ತೊಂಬತ್ತು ಸೋದರರನ್ನೂ ಅಂಟಿಸಿ ಕಳಿಸಿದೆ.

ಇನ್ನೂರು ಮನೆಗೆ ಬೆಂಕಿ ಕಳಿಸಿ, ಎಲ್ಲಿ ಹೊಗೆ ಏಳುತ್ತದೆಂದು ಕಾದೆ. ಎಲ್ಲೂ ಏಳಲಿಲ್ಲ. ಜಗಳಕ್ಕೆ ಬರುತ್ತಾರೆಂದು ನಾಲ್ಕು ಗಟ್ಟಿ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ನಜೀರ್ ಸಾಬರು ಬರಲಿಲ್ಲ. ಅವಮಾನವನ್ನು ನುಂಗಿ ಸುಮ್ಮನಿದ್ದಾರೆ ಎಂದುಕೊಂಡೆ. ಜಗಳವಾಡುವವನ ಎದುರು ನಿಲ್ಲಬಹುದು, ಸುಮ್ಮನಿರುವವನ ಎದುರು ಹೇಗೆ ನಿಲ್ಲುವುದು? ಅಂಗಡಿಯ ರಸ್ತೆಯಲ್ಲಿ ಓಡಾಡುವುದನ್ನು ಬಿಟ್ಟೆ. ಅವರ ಫೋನು ಬಂದರೆ ಎತ್ತಲಿಲ್ಲ. ಅಂದಿನಿಂದ ಹೊರಗಿನ ಇಲಾಖೆಯನ್ನೂ ನಾನೇ ನಡೆಸಿ, ಅವರ ಪ್ರತಿಯನ್ನೂ ಅಂಚೆಯಲ್ಲೇ ಕಳಿಸುತ್ತ ಬಂದೆ. ಪ್ರತಿ ರಂಜಾನಿಗೆ ಬಸ್ ಕಂಡಕ್ಟರನ ಕೈಲಿ ಅವರು ಒಂದು ಪೊಟ್ಟಣ ಏಲಕ್ಕಿ ಕಳಿಸುತ್ತಿದ್ದರು. ನನ್ನನ್ನು ಚುಚ್ಚಲಿಕ್ಕೇ ಕಳಿಸುತ್ತಾರೆಂದು ತೀರ್ಮಾನಿಸಿ, ಆ ಚುಚ್ಚುಮಾತನ್ನು ಪಾಯಸಕ್ಕೆ ಹಾಕಿಕೊಂಡು ಹದಿನಾರು ವರ್ಷ ಉಂಡೆ.

ಎರಡು ವರ್ಷದ ಬಳಿಕ ಹುಲಿಹೊಂಡ ಎಸ್ಟೇಟಿಗೆ ಗಿಡ ತರಲು ಹೋದಾಗ, ಅಲ್ಲಿಯ ಸ್ಟೋರ್‌ನಲ್ಲಿ ಕಾಫಿ ಮೂಟೆಗಳಿಗೆ ಗುರುತು ಒತ್ತುತ್ತಿದ್ದ ಒಂದು ಹಿತ್ತಾಳೆಯ ಅಚ್ಚು ಕಂಡಿತು. ಕೇಳಿ ತೆಗೆದುಕೊಂಡು ಅಂಗೈ ಮೇಲೆ ಒತ್ತಿಕೊಂಡೆ. ಹುಲಿಹೊಂಡ ಅಂಚೆ ಕಚೇರಿಯ ಠಸ್ಸೆ. ನಜೀರ್ ಸಾಬರ ಲಕೋಟೆಯಲ್ಲಿ ಎಲ್ಲಿ ಅಂಚು ಮುರಿದಿತ್ತೋ ಇದರಲ್ಲೂ ಅಲ್ಲೇ ಮುರಿದಿತ್ತು. ಆಲೂಗಡ್ಡೆ ನಿರಪರಾಧಿ. ಅಂದೇ ಬಸ್ಸು ಹತ್ತಿ ಅಂಗಡಿಗೆ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಪತ್ರಿಕೆಯಲ್ಲಿ ಮಾಡಿದ ಅವಮಾನಕ್ಕೆ ಪತ್ರಿಕೆಯಲ್ಲೇ ಕ್ಷಮೆ ಕೇಳುವುದು ಸಂಪಾದಕ ಧರ್ಮವೆಂದು ನನಗೆ ನಾನೇ ಹೇಳಿಕೊಂಡು, ಅರವತ್ತಾರನೇ ಸಂಚಿಕೆಯಲ್ಲಿ ಆರು ಪುಟದ ಕ್ಷಮಾಪಣೆ ಬರೆದೆ. ಕಣ್ಣೀರಿಟ್ಟು ಬರೆದೆ. ಅಂಟು ಹಚ್ಚಿ ಕಳಿಸಿದೆ. ಉತ್ತರ ಬರಲಿಲ್ಲ. ಕ್ಷಮಿಸಲಿಲ್ಲವೆಂದು ತಿಳಿದೆ.

ಕಳೆದ ಸೋಮವಾರ ಫಾಯಿಜಾಳ ಫೋನು ಬಂತು. ಸಕಲೇಶಪುರದ ಕಾಲೇಜಿನಲ್ಲಿ ಇತಿಹಾಸ ಹೇಳುವ ಹುಡುಗಿ. ಪತ್ರಿಕೆಯ ಮೂವತ್ತು ವರ್ಷದ ಇತಿಹಾಸವನ್ನು ತಾನು ಬರೆಯುವುದಾಗಿಯೂ, ತಂದೆಯ ಪೆಟ್ಟಿಗೆಯಲ್ಲಿ ಇಡೀ ಸೆಟ್ ಇರುವುದಾಗಿಯೂ ಹೇಳಿದಳು. ಒಡೆಯಲು ಅವರು ಹೇಗೆ ಒಪ್ಪಿದರು ಎಂದು ಕೇಳಿದೆ. ನಜೀರ್ ಸಾಬರ ಕಣ್ಣು ಮಂಜಾಗಿದೆಯಂತೆ, ಠಸ್ಸೆ ಕಾಣುವುದಿಲ್ಲವಂತೆ. “ಹೊರಗಿಂದು ಇನ್ನ್ ನಂಗೆ ಕಾಣಕಿಲ್ಲ, ಒಳಗಿಂದಾದ್ರೂ ಕೇಳ್ಸು,” ಎಂದರಂತೆ. ದಿನಕ್ಕೆ ಹತ್ತರಂತೆ ಹಬೆಗೆ ಹಿಡಿದು, ಒಂದೊಂದನ್ನೇ ಓದುತ್ತಿದ್ದಾಳೆ. ಎಂಟನೇ ಸಂಚಿಕೆಯಲ್ಲಿ ಕೋಳಿ ಸಾಕಣೆಯ ಚೀಟಿಯ ಮೇಲೆ ನಾನು ಬರೆದ ಕಿರುನಾಟಕ ಕೇಳಿ ನಜೀರ್ ಸಾಬರು ಕೆಮ್ಮು ಬರುವಷ್ಟು ನಕ್ಕರಂತೆ, ಒನ್ಸ್ ಮೋರ್ ಅಂದರಂತೆ. ನನ್ನ ಜೀವಮಾನದ ಮೊದಲ ಓದುಗ! ನಾನು ಫೋನು ಹಿಡಿದು ಅಂಗಳದಲ್ಲಿ ಕುಣಿಯುತ್ತಿದ್ದೆ. ಆಗ ಅವಳು ಇನ್ನೊಂದು ಮಾತು ಸೇರಿಸಿದಳು.

“ನಮ್ಮ ಅಬ್ಬ ಇವತ್ತಿಗೂ ಕೇಳ್ತಾರೆ ಸಾರ್, ನಾನೇನ್ ತಪ್ಪು ಮಾಡ್ಬುಟ್ಟೆ ಅಂತ ಮಲ್ಲಪ್ಪ ಅಂಗಡಿ ಮೆಟ್ಲು ಹತ್ತೋದ್ನೇ ಬಿಟ್ಬುಟ್ಟ ಅಂತ.”

ಇವತ್ತು ಶುಕ್ರವಾರ. ಐವತ್ತು ಮುಗಿದಿವೆ. ನಾಳೆ ಐವತ್ತೊಂದರಿಂದ ಅರವತ್ತು, ತಾವು ಅದರಲ್ಲಿದ್ದೀರಿ. ಕ್ಷಮಾಪಣೆಯಿರುವ ಅರವತ್ತಾರನೆಯವರ ಸರದಿ ನಾಡಿದ್ದು. ಅಂದರೆ ಒಂದು ಹಗಲು ಒಂದು ರಾತ್ರಿ ನಜೀರ್ ಸಾಬರು ಆಲೂಗಡ್ಡೆಯೊಂದಿಗೆ ಒಬ್ಬರೇ ಇರಬೇಕು. ಅರವತ್ತಾರನ್ನು ಮೊದಲು ಒಡೆಯಮ್ಮಾ ಎಂದು ಫಾಯಿಜಾಳಿಗೆ ಫೋನಿನಲ್ಲಿ ಅಂಗಲಾಚಿದೆ. ಇತಿಹಾಸದಲ್ಲಿ ಹಿಂದುಮುಂದು ಮಾಡುವಂತಿಲ್ಲ ಸಾರ್ ಎಂದು ನನಗೇ ಪಾಠ ಹೇಳಿದಳು. ನನ್ನ ಈ ತಳಮಳವನ್ನು ಮೂರು ದಿನದಿಂದ ನೋಡುತ್ತಿದ್ದ ನನ್ನ ಹೆಂಡತಿ ನಂಜಮ್ಮ, ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, “ಬರ್ದಿದ್ದನ್ನ ಯಾರೂ ಓದ್ಲಿಲ್ಲ ಅಂತ ತಿಂಗ್ಳುಗಟ್ಲೆ ಅತ್ರಿ, ಈಗ ಒಬ್ರು ಓದ್ತೀನಿ ಅಂದ್ರೆ ಹಿಂಗ್ ನಡುಗ್ತೀರಲ್ಲ ಕಣ್ರೀ,” ಎಂದಳು. ನಾನು ಕಾಗದ ಪೆನ್ನು ಹಿಡಿದು ತಮಗೆ ಬರೆಯಲು ಕೂತೆ.

ಆದುದರಿಂದ, ಹೇ ಮೌನಮೂರ್ತಿಯೇ, ಹೇ ಹಬೆಗೂ ಮಳೆಗೂ ಅಂಜದ ಮೈದಾ ಕುಲತಿಲಕರೇ, ತಮ್ಮ ಪಾದಗಳಲ್ಲಿ ನನ್ನ ಕೋರಿಕೆ ಇಷ್ಟು. ಕೆಟಲ್ ಎಷ್ಟೇ ಉಗಿ ಉಗುಳಿದರೂ ತಾವು ತುಟಿ ಬಿಗಿಹಿಡಿಯಬೇಕು. ಅದಾಗದಿದ್ದರೆ, ಇಂದೇ ಆ ಪೆಟ್ಟಿಗೆಯೊಳಗೆ ಏಳು ಲಕೋಟೆಗಳನ್ನು ದಾಟಿ ತೆವಳಿ, ಅರವತ್ತಾರನೆಯವರ ಬಳಿ ಹೋಗಿ, ಹೊಟ್ಟೆಯೊಳಗಿನದನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ, ಆ ನಾಲ್ಕು ಪುಟಗಳನ್ನು ಆಲೂಗಡ್ಡೆ ಬೆಳೆಗೆ ತಗಲುವ ಅಂಗಮಾರಿ ರೋಗ ಮತ್ತು ಅದರ ಹತೋಟಿಯ ಕುರಿತ ಒಂದು ಉಪಯುಕ್ತ ಲೇಖನವನ್ನಾಗಿ ಪರಿವರ್ತಿಸಬೇಕು. ತಲೆಬರಹದ ಅರ್ಧವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಇದಾವುದೂ ತಮ್ಮಂಥ ಮಹನೀಯರಿಗೆ ಕಷ್ಟವಲ್ಲ. ಹದಿನಾರು ವರ್ಷ ನನ್ನ ಮಾತನ್ನು ಜಗತ್ತಿನಿಂದ ಕಾಪಾಡಿದವರು ತಾವು. ಇನ್ನೊಂದೇ ಒಂದು ದಿನ ಜಗತ್ತನ್ನು ನನ್ನ ಮಾತಿನಿಂದ ಕಾಪಾಡಲಾರಿರಾ?

ತಮ್ಮ ಬಾಯಿಗೆ ತನ್ನ ಕೈಯಾರೆ ಅಂಟು ಹಚ್ಚಿದ, ಸದಾ ತಮ್ಮ ವಿಶ್ವಾಸಿ,
ಶಾಂತಮಲ್ಲಪ್ಪ
ಸಂಪಾದಕ, ಒಳಗಿನ ಇಲಾಖೆ

ತಾ.ಕ.: ಜೆರಾಕ್ಸ್ ಅಂಗಡಿಗೆ ಕೊಡುವ ಮೊದಲು ಈ ಪತ್ರವನ್ನು ನಂಜಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ತಪ್ಪು ಮಾಡಿದ್ದು ನಜೀರಣ್ಣನಿಗೆ, ಕಾಗದ ಬರೆದದ್ದು ಕವರಿಗೆ, ಇಷ್ಟು ವರ್ಷವೂ ಇದನ್ನೇ ಅಲ್ಲವೇ ಮಾಡಿದ್ದು ಎಂದು ಕೇಳಿ ಮತ್ತೆ ಮೊರ ಎತ್ತಿಕೊಂಡಳು. ಆದ್ದರಿಂದ ಮಾನ್ಯರೇ, ಮೇಲಿನ ಮನವಿಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ತಮ್ಮಂಥ ಟೊಳ್ಳು ಹೊಟ್ಟೆಯವರ ದಾಕ್ಷಿಣ್ಯ ನನಗಿನ್ನು ಬೇಡ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು, ಆಲೂರಿನಲ್ಲಿ ಬಸ್ಸು ಬದಲಿಸಿ, ಒಂಬತ್ತೂವರೆಗೆ ಸಕಲೇಶಪುರದ ಆ ಅಂಗಡಿಯ ಮೆಟ್ಟಿಲು ಹತ್ತುತ್ತೇನೆ. ಫಾಯಿಜಾ ನೀರು ಕಾಯಿಸುವ ಮೊದಲೇ ತಮ್ಮನ್ನು ಕೇಳಿ ತೆಗೆದುಕೊಂಡು, ತಮ್ಮ ಬೆಲೆ ಮಣ್ಣುಪಾಲಾಗುವಂತೆ ಹೆಬ್ಬೆರಳು ತೂರಿಸಿ ಹರಿದು, ನಜೀರ್ ಸಾಬರ ಎದುರು ನಿಂತು, ಅವರು ಹೊರಟುಹೋಗು ಎನ್ನುವವರೆಗೆ, ಆ ನಾಲ್ಕು ಪುಟಗಳನ್ನು ಒಂದಕ್ಷರ ಬಿಡದೆ ನಾನೇ ಓದುತ್ತೇನೆ.